ಬೆಸ ಅಧ್ಯಾಯಗಳು

ಈಸ್ಟರ್ ಬಂತೆಂದರೆ ನಮ್ಮ ನಾರ್ವೆಯ ಜನರಿಗೆ ಒಂದು ಹೆಣ ಬೇಕು. ಇದು ಏಸು ಎದ್ದು ಬಂದ ಹಬ್ಬ ಎಂದು ಪಾದ್ರಿ ಎಷ್ಟು ಸಾರಿ ಹೇಳಿದರೂ ಅಷ್ಟೇ. ಸಂಸಾರ ಸಮೇತ ಬೆಟ್ಟದ ಮೇಲಿನ ಮರದ ಮನೆಗೆ ಹೊರಡುವವರ ಚೀಲದಲ್ಲಿ ಕಿತ್ತಳೆ ಹಣ್ಣು, ಚಾಕಲೇಟು, ಜೊತೆಗೊಂದು ಕೊಲೆಯ ಕಾದಂಬರಿ ಇದ್ದೇ ಇರುತ್ತದೆ. ಹಾಲಿನ ಡಬ್ಬದ ಮೇಲೂ ಪತ್ತೇದಾರಿ ಕತೆ ಅಚ್ಚಾಗಿರುತ್ತದೆ. ಮಕ್ಕಳು ಬ್ರೆಡ್ಡು ಅಗಿಯುತ್ತ ಯಾರು ವಿಷ ಹಾಕಿದ್ದು ಎಂದು ಜಗಳವಾಡುತ್ತವೆ. ಈ ವಿಚಿತ್ರ ಚಟದಿಂದಲೇ ನಾನೂ ಅಸ್ಲಾಕನೂ ಇಷ್ಟು ವರ್ಷ ಹೊಟ್ಟೆ ಹೊರೆದದ್ದು, ಹಾಗಾಗಿ ನಾನು ಯಾರನ್ನೂ ಹಂಗಿಸುವ ಹಾಗಿಲ್ಲ.

ನಮ್ಮ ಪುಸ್ತಕಗಳ ಮೇಲೆ ‘ಹಾಮ್ರೆ ಮತ್ತು ವಿಕ್’ ಎಂದು ಇರುತ್ತದೆ. ಹಾಮ್ರೆ ನಾನು, ವಿಗ್ದಿಸ್ ಹಾಮ್ರೆ, ಕರಾವಳಿಯ ಒಂದು ದ್ವೀಪದ ಮೀನುಗಾರನ ಮಗಳು. ವಿಕ್ ಎಂದರೆ ಅಸ್ಲಾಕ್. ಒಂದು ಕಾಲದಲ್ಲಿ ನನ್ನ ಜೊತೆ ಒಂದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು. ಗಂಡನಲ್ಲ, ಗೆಳೆಯ. ಪತ್ರಿಕೆಯವರು ಅದನ್ನು ಬೇರೆ ಏನೋ ಮಾಡಿ ಬರೆದಾಗಲೆಲ್ಲ ಅವನ ಹೆಂಡತಿಯೂ ನಾನೂ ಸೇರಿಕೊಂಡು ಹೊಟ್ಟೆ ಹಿಡಿದು ನಕ್ಕಿದ್ದೇವೆ.

ನಮ್ಮ ಪತ್ತೇದಾರಿಣಿ ಬೆರಿತ್ ಲುಂಡೆ. ಮಂಡಿ ನೋವು, ಗಂಡ ಬಿಟ್ಟಿದ್ದಾನೆ, ಮಗ ಮಾತಾಡುವುದಿಲ್ಲ, ನಿದ್ದೆ ಬರುವುದಿಲ್ಲ. ಹಿಮ ಬೆರೆತು ಸುರಿಯುವ ಮಳೆಯಲ್ಲಿ ಹಳೆಯ ಕಾರು ಓಡಿಸಿಕೊಂಡು ಸುಮ್ಮನಿರುವ ಊರುಗಳಿಗೆ ಹೋಗುತ್ತಾಳೆ. ಅಂದವಾದ ಮನೆಗಳು, ಒಪ್ಪವಾದ ಪರದೆಗಳು, ಎಲ್ಲರಿಗೂ ಪಿಂಚಣಿ. ನೆಲದ ಹಲಗೆ ಎತ್ತಿದರೆ ಮಾತ್ರ ವಾಸನೆ. ಕೊಲೆಗಾರ ಎಂದೂ ಹೊರಗಿನಿಂದ ಬರುವುದಿಲ್ಲ. ಸತ್ತವನನ್ನು ತುಂಬ ಪ್ರೀತಿಸಿದವನೇ, ಬೆರಿತ್‌ಗೆ ಕಾಫಿ ಬಗ್ಗಿಸಿ ಕೊಟ್ಟವನೇ ಇರುತ್ತಾನೆ. ನಿಜ ಹೇಳಬೇಕೆಂದರೆ, ನನ್ನ ಬುದ್ಧಿ ಬಲಿತ ಮೇಲೆ ನಮ್ಮ ದ್ವೀಪದಲ್ಲಿ ಪೊಲೀಸರು ಹಿಡಿದದ್ದು ಕುಡಿದು ದೋಣಿ ನಡೆಸಿದವರನ್ನು, ರಸ್ತೆಗೆ ಬಂದ ಕುರಿಗಳನ್ನು. ನಮ್ಮ ಪುಸ್ತಕಗಳಲ್ಲಿ ಮಾತ್ರ ಅರ್ಧ ದ್ವೀಪವೇ ಖಾಲಿಯಾಗಿದೆ.

ಬೆರಿತ್‌ಳ ಪಕ್ಕದ ಮನೆಯಲ್ಲಿ ಓಲುಫ್ ಎಂಬ ಮುದುಕನಿದ್ದಾನೆ. ಅವನನ್ನು ನಾನು ನನ್ನ ಅಪ್ಪ ಹಿಲ್ಮಾರ್‌ನಿಂದ ಕಡೆದು ಮಾಡಿದೆ. ಅವನ ಹಾಗೇ ದೋಣಿಯ ಯಜಮಾನ, ಅವನ ಹಾಗೇ ಕುಳ್ಳ, ಅವನ ಹಾಗೇ ಬಾಯಿ ಬಡುಕ. ಬೆರಿತ್ ಸೋತು ಮನೆಗೆ ಬಂದಾಗಲೆಲ್ಲ ಓಲುಫ್ ಒಣಮೀನು ಹಿಡಿದುಕೊಂಡು ಬಂದು ಒಂದು ಕುಚೋದ್ಯ ಹೇಳಿ ಹೋಗುತ್ತಾನೆ. ಪುಸ್ತಕದಲ್ಲಿ ನಗುವುದಕ್ಕೆ ಅಷ್ಟೇ ಜಾಗ. ಅಪ್ಪನಿಗೆ ಇದು ಎಷ್ಟು ಹೆಮ್ಮೆ ಎಂದರೆ, ಬಂದರಿನಲ್ಲಿ ಯಾರಾದರೂ “ಏನ್ ಓಲುಫ್, ಮೀನು ಬಿತ್ತಾ?” ಎಂದು ಕೂಗಿದರೆ ತಿರುಗಿ ಟೊಪ್ಪಿ ಎತ್ತುತ್ತಿದ್ದ. ಅಮ್ಮ ತೀರಿಕೊಂಡ ಮೇಲೆ ಅವನ ಮುಖದಲ್ಲಿ ನಗು ವಾಪಸು ತಂದವನು ಓಲುಫ್. ವಿಮರ್ಶಕರು ಏನೇ ಬರೆಯಲಿ, ನಾನು ಬರೆಯುತ್ತಿದ್ದದ್ದು ಅಪ್ಪ ಓದಲಿ ಎಂದು.

ಈಗ ನಮ್ಮ ಕೆಲಸದ ಗುಟ್ಟು ಹೇಳಬೇಕು. ಮೊದಲ ಪುಸ್ತಕ ಬರೆಯುವಾಗ ಕೊಲೆಗಾರ ಯಾರೆಂದು ನನಗೆ ಗೊತ್ತಿತ್ತು, ಅದೇ ಎಡವಟ್ಟಾಯಿತು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಕಾಗದದ ಮೇಲೂ ಬರುವುದಿಲ್ಲ. ಆ ಪಾತ್ರ ಉಪ್ಪು ಕೊಡು ಎಂದು ಕೈ ಚಾಚಿದರೂ ನನ್ನ ವಾಕ್ಯ ಅವನನ್ನು ಹಿಡಿದುಕೊಡುತ್ತಿತ್ತು. ಅಪ್ಪನಂತೂ ಪುಸ್ತಕದ ಕಾಲುಭಾಗಕ್ಕೇ “ಪಾದ್ರಿ ಕಣೇ” ಎಂದುಬಿಟ್ಟ. ಆಗ ಅಸ್ಲಾಕ್ ಒಂದು ನಿಯಮ ಮಾಡಿದ.

“ನೀನು ಬೆಸ ಅಧ್ಯಾಯ ಬರಿ, ನಾನು ಸಮ ಅಧ್ಯಾಯ ಬರೀತೀನಿ,” ಎಂದ. “ಮನೆ, ಅಡುಗೆ, ಮಳೆ, ಬದುಕಿರೋರು ಎಲ್ಲಾ ನಿಂದು. ಹೆಣ ನಂದು. ಕೊಲೆ ಮಾಡಿದ್ಯಾರು ಅಂತ ನಿನಗೆ ನಾನು ಹೇಳೋದೇ ಇಲ್ಲ. ಎಲ್ಲರೂ ಒಳ್ಳೇವ್ರು ಅಂದ್ಕೊಂಡೇ ಬರಿ. ಆಗ ನೋಡು ಮಜಾ.”

ಮಜಾ ಬಂತು, ಅದರಲ್ಲಿ ಸುಳ್ಳಿಲ್ಲ. ಯಾರ ಮೇಲೂ ಅನುಮಾನವೇ ಬರುವುದಿಲ್ಲ ಎಂದು ಓದುಗರು ಬೆರಗಾದರು. ಬರೆಯುವ ನನಗೇ ಬರುತ್ತಿರಲಿಲ್ಲ, ಅವರಿಗೆ ಎಲ್ಲಿಂದ ಬರಬೇಕು! ಕೊನೆಯ ಅಧ್ಯಾಯ ಯಾವತ್ತೂ ಸಮಸಂಖ್ಯೆಯದು. ಅದು ಅಚ್ಚಾಗಿ, ಹೊಲಿದು, ರಟ್ಟು ಹಾಕಿಸಿಕೊಂಡು ಬರುವವರೆಗೆ ನಾನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಈ ವಿಷಯ ಹೊರಗೆ ಬಿಡಬೇಡಿ, ಅರ್ಧ ಲೇಖಕಿ ಎಂದು ಆಡಿಕೊಳ್ಳುತ್ತಾರೆ ಎಂದರು ಪ್ರಕಾಶಕರು. ಹಾಗಾಗಿ ಕೇಳಿದವರಿಗೆಲ್ಲ ನಾವು ‘ಕಾಫಿ ಕುಡಿಯುತ್ತಾ ಇಬ್ಬರೂ ಕೂಡಿ ತೀರ್ಮಾನ ಮಾಡುತ್ತೇವೆ’ ಎಂದು ಹೇಳಿಕೊಂಡು ಬಂದೆವು. ಅಪ್ಪನಿಗೂ ಅದನ್ನೇ ಹೇಳಿದ್ದು.

ಈ ಸಲದ ಈಸ್ಟರ್‌ಗೆ ಅಸ್ಲಾಕ್ ಬೆಟ್ಟಕ್ಕೆ ಬರಲಿಲ್ಲ. ಪ್ರತಿ ವರ್ಷ ಅವನು, ಅವನ ಹೆಂಡತಿ, ಅಪ್ಪ, ನಾನು ಒಟ್ಟಿಗೇ ಹೋಗುವುದು. ಅವನಿಗೆ ಹಿಮದ ಮೇಲೆ ಜಾರುವುದನ್ನು, ದೋಣಿಯ ಗಂಟು ಹಾಕುವುದನ್ನು ಕಲಿಸಿದ್ದೇ ಅಪ್ಪ. ಈ ಸಲ ಗಂಟಲು ಸರಿಯಿಲ್ಲ ಎಂದ, ರೇಡಿಯೋದವರು ಕರೆದಿದ್ದಾರೆ ಎಂದೂ ಸೇರಿಸಿದ. ಗಂಟಲು ಸರಿಯಿಲ್ಲದವನನ್ನು ರೇಡಿಯೋದವರು ಯಾಕೆ ಕರೆಯುತ್ತಾರೆ? ಇಷ್ಟು ವರ್ಷ ಪತ್ತೇದಾರಿ ಬರೆದ ಈ ಪುಣ್ಯಾತ್ಗಿತ್ತಿಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ.

ನಮ್ಮ ಮನೆಯಲ್ಲಿ ಹೊಸ ಪುಸ್ತಕವನ್ನು ಮೊದಲು ಓದುವ ಹಕ್ಕು ಅಪ್ಪನದು. ಮನೆಯ ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು, ಕುರಿಯ ತೊಗಲಿನ ಮೇಲೆ ಕೂತು, ಕಪ್ಪು ಕನ್ನಡಕ ಹಾಕಿಕೊಂಡು, ಬಿಸಿಲಿಗೆ ಮುಖವೊಡ್ಡಿ ಓದುತ್ತಿದ್ದ. ಸುತ್ತ ಹಿಮ ಕಣ್ಣು ಕುಕ್ಕುತ್ತಿತ್ತು. ನಾನು ಒಲೆಗೆ ಸೌದೆ ಒಡೆಯುತ್ತಿದ್ದೆ.

“ಕೇಳಿಲ್ಲಿ,” ಎಂದು ಕೂಗಿದ. “‘ನಾನು ಸುಳ್ಳು ಹೇಳಲ್ಲ ಬೆರಿತ್, ಮೀನಿನ ಉದ್ದ ಮಾತ್ರ ಕೇಳ್ಬೇಡ.’ ಇದು ನಾನು ಹೇಳಿದ್ದಲ್ವೇನೇ, ಹೋದ ಬೇಸಿಗೇಲಿ?”

“ನೀನು ಹೇಳಿದ್ದೇ. ನನ್ನ ಅರ್ಧ ಪುಸ್ತಕ ನಿನ್ನ ಬಾಯಿಂದ ಕದ್ದಿದ್ದು.”

“ಕದ್ಕೋ, ಕದ್ಕೋ. ನಾನು ಹೋದ್ಮೇಲೆ ಗೋಳು ಬರೀಬೇಕಾಗತ್ತೆ ನೀನು.”

ಅವನ ಕೈಯಲ್ಲಿ ಉಳಿದಿದ್ದ ಹಾಳೆಗಳು ತೆಳ್ಳಗಾಗಿದ್ದವು. ನಾನು ಬಕೆಟ್ಟು ತಗೊಂಡು ತೊರೆಗೆ ಹೋಗಿ, ಐಸು ಒಡೆದು ನೀರು ತುಂಬಿಕೊಂಡು ಬಂದೆ. ಬರುವಷ್ಟರಲ್ಲಿ ಪುಸ್ತಕ ಮುಚ್ಚಿ ಅವನ ಮಂಡಿಯ ಮೇಲಿತ್ತು. ಕಪ್ಪು ಕನ್ನಡಕ ತೆಗೆದಿದ್ದ. ಅರ್ಧ ಸುಲಿದ ಕಿತ್ತಳೆ ಹಿಮದ ಮೇಲೆ ಬಿದ್ದಿತ್ತು.

“ಮುಗೀತಾ?” ಎಂದೆ. ಪ್ರತಿ ವರ್ಷ ಕೇಳುವ ಹಾಗೇ ಕೇಳಿದೆ, “ಯಾರು ಹೇಳು ನೋಡೋಣ?”

ನನಗೆ ನಿಜವಾಗಿಯೂ ಗೊತ್ತಿಲ್ಲದೆ ಕೇಳುವ ಪ್ರಶ್ನೆ ಅದು. ಅಪ್ಪನ ಪಾಲಿಗೆ ಅದು ಯಾವತ್ತೂ ನಾನು ಅವನನ್ನು ಪರೀಕ್ಷೆ ಮಾಡುವ ಆಟ. ಅವನು ತಲೆಯೆತ್ತಿ ನನ್ನನ್ನೇ ನೋಡಿದ.

“ನನ್ನ ಬಾಯಿಂದ್ಲೇ ಹೇಳಿಸ್ಬೇಕಾ?”

“ಹೇಳಪ್ಪ, ಯಾರು?”

“ಓಲುಫ್.”

ನಾನು ನಕ್ಕೆ. ದೇವರೇ, ನಾನು ಅವನ ಮುಖಕ್ಕೇ ನಕ್ಕೆ. “ಹೋಗಪ್ಪ, ತಮಾಷೆ ಸಾಕು.”

“ತಮಾಷೆ ಮಾಡ್ತಿರೋದು ನಾನಲ್ಲ,” ಎಂದು ಪುಸ್ತಕ ನನ್ನ ಕೈಗಿಟ್ಟು ಒಳಗೆ ಹೋದ.

ನಿಂತಲ್ಲೇ ಕೊನೆಯ ಅಧ್ಯಾಯ ಓದಿದೆ. ಬಕೆಟ್ಟು ಕಾಲಿನ ಹತ್ತಿರ ಇತ್ತು, ಯಾವಾಗ ಉರುಳಿತೋ ತಿಳಿಯಲಿಲ್ಲ. ಅಸ್ಲಾಕ್ ಚೆನ್ನಾಗಿ ಬರೆದಿದ್ದ. ಅದು ಇನ್ನೂ ಹೊಟ್ಟೆ ಉರಿಸುವ ಸಂಗತಿ. ಓಲುಫ್ ಹರೆಯದಲ್ಲಿ ತನ್ನ ದೋಣಿಯ ಆಳನ್ನು ಚಳಿಗಾಲದ ಕಡಲಿಗೆ ದೂಡಿರುತ್ತಾನೆ, ತಾನು ಮದುವೆಯಾಗಬೇಕೆಂದಿದ್ದ ಹುಡುಗಿ ಆ ಆಳಿಗೆ ನಿಶ್ಚಯವಾಗಿದ್ದಳು ಎಂಬ ಕಾರಣಕ್ಕೆ. ಅದನ್ನು ಪತ್ತೆ ಮಾಡಿದವನನ್ನು ಈಗ ಮುದಿ ವಯಸ್ಸಿನಲ್ಲಿ ಮುಗಿಸಿರುತ್ತಾನೆ. ಬೆರಿತ್‌ಗೆ ಸುಳಿವು ಸಿಗುವುದು ಓಲುಫ್‌ನ ಸತ್ತ ಹೆಂಡತಿ ಎಂದೋ ಆಡಿದ ಒಂದು ಮಾತಿನಿಂದ. ಒಬ್ಬನೇ ಮನೆಗೆ ಬಂದ ಆ ರಾತ್ರಿ ಗಂಡ ಒಲೆಯ ಮೇಲಿನ ಹಗ್ಗಕ್ಕೆ ಎರಡು ಜೊತೆ ಉಣ್ಣೆ ಕೈಗವಸು ಒಣಹಾಕಿದ್ದ, ಒಂದು ತನ್ನದು, ಇನ್ನೊಂದು ಸತ್ತವನದು. ಅಂಥ ಚಳಿಯಲ್ಲಿ ಕಡಲಿಗೆ ಬಿದ್ದವನ ಕೈಗವಸು ಇವನ ಕೈಗೆ ಹೇಗೆ ಬಂತು ಎನ್ನುವುದೇ ಬೆರಿತ್‌ಳ ಪ್ರಶ್ನೆ.

ಇದು ಅಪ್ಪನ ಬದುಕು. ಅಪ್ಪನ ದೋಣಿಯಿಂದ ಕೊನ್ರಾದ್ ಎಂಬ ಹುಡುಗ ಬಿರುಗಾಳಿಯಲ್ಲಿ ಬಿದ್ದು ಸತ್ತಿದ್ದ. ವಿಚಾರಣೆ ನಡೆದು ತಪ್ಪಿಲ್ಲ ಎಂದು ತೀರ್ಪಾಗಿತ್ತು. ಅಮ್ಮ ಮೊದಲು ಕೊನ್ರಾದ್‌ನ ಜೊತೆ ಓಡಾಡಿಕೊಂಡಿದ್ದಳು ಎಂಬ ಕಾರಣಕ್ಕೆ ಊರು ಬಹಳ ಕಾಲ ಗುಸುಗುಸು ಮಾತಾಡಿ ಕೊನೆಗೆ ತನಗೇ ಬೇಸರವಾಗಿ ಬಿಟ್ಟಿತ್ತು. ಕೈಗವಸಿನ ಸಂಗತಿ ಮಾತ್ರ ಊರಿಗೆ ಗೊತ್ತಿರಲಿಲ್ಲ. ‘ಸತ್ತವನ ಕೈಗವಸು ಒದ್ದೆಯಾಗಿದೆ ಎಂದು ಒಣಹಾಕಿದ ಮನುಷ್ಯ ಇವನು, ಅದನ್ನು ನೋಡಿಯೇ ನಾನು ಮದುವೆಯಾದೆ’ ಎಂದು ಅಮ್ಮ ನನಗೆ ಹೇಳಿದ್ದಳು. ಅಮ್ಮನನ್ನು ಮಣ್ಣು ಮಾಡಿದ ದಿನ ಅವಳ ಅಡುಗೆಮನೆಯಲ್ಲಿ ಕೂತು ಅಳುತ್ತ ನಾನು ಅದನ್ನು ಅಸ್ಲಾಕ್‌ಗೆ ಹೇಳಿದ್ದೆ. ಕತೆಗಾರನಿಗೆ ಹೇಳಿದ್ದಲ್ಲ, ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರುತ್ತಿದ್ದ ಗೆಳೆಯನಿಗೆ ಹೇಳಿದ್ದು. ಅಮ್ಮ ಪ್ರೀತಿ ಎಂದು ಕಂಡದ್ದನ್ನು ಅವನು ಕೊಲೆಯ ಸಾಕ್ಷಿ ಮಾಡಿದ್ದ.

ಒಳಗೆ ಅಪ್ಪ ಒಲೆಯ ಮುಂದೆ ಕೂತಿದ್ದ.

“ಅಪ್ಪ, ನನಗೆ ಗೊತ್ತಿರ್ಲಿಲ್ಲ,” ಎಂದೆ. ಬೆಸ ಅಧ್ಯಾಯ, ಸಮ ಅಧ್ಯಾಯ, ನಿಯಮ, ಪ್ರಕಾಶಕರ ಮಾತು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತಾ ಹೋದ ಹಾಗೆ ಅದು ನನ್ನ ಕಿವಿಗೇ ಕಟ್ಟುಕತೆಯಾಗಿ ಕೇಳತೊಡಗಿತು.

ಅಪ್ಪ ಪೂರ್ತಿ ಕೇಳಿಸಿಕೊಂಡ. “ನಿನ್ನ ಪುಸ್ತಕದಲ್ಲಿ ಕೊಲೆ ಮಾಡಿದ್ಯಾರು ಅಂತ ನಿನಗೇ ಗೊತ್ತಿರಲ್ಲ,” ಎಂದು ನಿಧಾನಕ್ಕೆ ಹೇಳಿದ. “ವಿಗ್ದಿಸ್, ನಾನು ಮುದುಕ ಆಗಿದ್ದೀನಿ. ದಡ್ಡ ಇನ್ನೂ ಆಗಿಲ್ಲ.”

“ನಿಜ ಅಪ್ಪ.”

“ಪುಸ್ತಕದ ಮೇಲೆ ಹಾಮ್ರೆ ಅಂತಿದೆ. ಅದು ನನ್ನ ಹೆಸರು. ನಮ್ಮಪ್ಪನ ಹೆಸರು. ಇಡೀ ದೇಶ ಈಗ ಕಿತ್ತಳೆ ತಿನ್ತಾ ಇದನ್ನ ಓದ್ತಿದೆ.” ಆಮೇಲೆ ಕೇಳಿದ, “ಕೈಗವಸಿನ ಮಾತು ಅವನಿಗೆ ಹೇಳಿದ್ಯಾರು?”

“ನಾನು.”

“ನಿನಗೆ?”

“ಅಮ್ಮ.”

ತಲೆ ಆಡಿಸಿದ. “ಊರಿನೋರು ಅಂದ್ರು, ತಡ್ಕೊಂಡೆ. ನೀನೂ ಒಳಗೊಳಗೇ ಹಾಗೇ ಅಂದ್ಕೊಂಡಿದ್ದೆ ಅಂತ ಗೊತ್ತಿರ್ಲಿಲ್ಲ ನೋಡು.”

ಅವನು ಕೂಗಾಡಿದ್ದರೆ ಚೆನ್ನಾಗಿತ್ತು, ಎರಡು ಏಟು ಹೊಡೆದಿದ್ದರೂ ಸಹಿಸುತ್ತಿದ್ದೆ.

ಫೋನು ಸಿಗಬೇಕಾದರೆ ಮನೆಯ ಹಿಂದಿನ ದಿಬ್ಬ ಹತ್ತಬೇಕು. ಕಾಲಿಗೆ ಹಿಮದ ಮೇಲೆ ಜಾರುವ ಹಲಗೆ ಕಟ್ಟಿಕೊಂಡು ಏದುಸಿರು ಬಿಡುತ್ತಾ ಹತ್ತಿದೆ. ಅಸ್ಲಾಕ್ ಮೊದಲನೆಯ ಗಂಟೆಗೇ ಎತ್ತಿದ.

“ಓದಿದ್ಯಾ? ಹೇಗಿದೆ?” ಎಂದ. ಗಂಟಲು ಚೆನ್ನಾಗಿಯೇ ಇತ್ತು.

“ನಿನಗೆ ನಾಚಿಕೆ ಇದೆಯೇನೋ? ನಮ್ಮಪ್ಪನ್ನ ಕೊಲೆಗಾರ ಮಾಡಿದ್ಯಲ್ಲೋ!”

“ಓಲುಫ್‌ನ. ನಿಮ್ಮಪ್ಪನ್ನಲ್ಲ.”

“ಕೈಗವಸು ಯಾರ್ದು ಹಾಗಾದ್ರೆ? ಹೇಳೋ!”

ಅವನು ನಿಟ್ಟುಸಿರು ಬಿಟ್ಟ, ಶಾಲೆಯಲ್ಲಿ ದಡ್ಡ ಮಕ್ಕಳ ಮುಂದೆ ಬಿಡುತ್ತಿದ್ದ ಅದೇ ನಿಟ್ಟುಸಿರು. “ನೋಡು, ಇಷ್ಟು ಪುಸ್ತಕದಲ್ಲಿ ನಾವು ಹೇಳ್ಕೊಂಡು ಬಂದಿದ್ದೇನು? ಪ್ರೀತಿ ಇರೋ ಕಡೇನೇ ಕತ್ತಿ ಇರತ್ತೆ, ಊರು ಸುಮ್ನಿರತ್ತೆ ಅಂತ ತಾನೇ? ಓಲುಫ್‌ನ ಬಿಟ್ರೆ ಇನ್ನು ಯಾರೂ ಉಳಿದಿರ್ಲಿಲ್ಲ ಕಣೇ. ನೀನು ಅವನನ್ನ ಎಷ್ಟು ಪ್ರೀತಿಯಿಂದ ಬರ್ದಿದ್ದೆ ಅಂದ್ರೆ ಒಬ್ಬರಿಗೂ ಅನುಮಾನ ಬರಲ್ಲ. ಅದಕ್ಕೇ ಅವನು. ಇದು ನಿನಗೆ ಹೊಗಳಿಕೆ.”

“ನನ್ನ ಕೇಳ್ಬೇಕಿತ್ತು.”

“ಕೇಳಬಾರದು ಅನ್ನೋದೇ ತಾನೇ ನಮ್ಮ ನಿಯಮ?”

ಅಷ್ಟು ವರ್ಷ ಬೆನ್ನು ತಿರುಗಿಸಿ ಕೂತಿದ್ದೆ, ಈಗ ಚೂರಿ ಹಾಕಿದವನು, ‘ಬೆನ್ನು ಕೊಟ್ಟವಳು ನೀನೇ ತಾನೇ’ ಎನ್ನುತ್ತಿದ್ದ. ಬೈಗುಳ ಬಾಯಿತುದಿಗೆ ಬಂದಿತ್ತು. ನುಂಗಿಕೊಂಡೆ. ನನಗೆ ಅವನ ಹತ್ತಿರ ಒಂದು ಕೆಲಸವಿತ್ತು.

“ಒಂದೇ ಒಂದು ಮಾಡು,” ಎಂದೆ. “ಆ ಅಧ್ಯಾಯ ನಿಂದು, ನನಗೆ ಗೊತ್ತಿರ್ಲಿಲ್ಲ ಅಂತ ನಮ್ಮಪ್ಪನಿಗೆ ಹೇಳು. ನನ್ನ ಮಾತು ನಂಬ್ತಾ ಇಲ್ಲ ಅವನು. ನಿನ್ನ ಮಾತು ನಂಬ್ತಾನೆ.”

“ನಾಳೆ ಮಧ್ಯಾಹ್ನ ರೇಡಿಯೋದಲ್ಲಿ ಇದೇ ಕೇಳ್ತಾರೆ. ಅಲ್ಲೇ ಹೇಳ್ಬಿಡ್ತೀನಿ. ನಿಮ್ಮಪ್ಪ ಒಬ್ನೇ ಅಲ್ಲ, ಎಲ್ರಿಗೂ ಗೊತ್ತಾಗ್ಲಿ. ಆಯ್ತಾ?”

“ಮಾತು?”

“ಮಾತು ಕಣೇ. ಇಷ್ಟು ವರ್ಷದಲ್ಲಿ ನಿನಗೆ ಯಾವತ್ತಾದ್ರೂ ಮೋಸ ಮಾಡಿದ್ದೀನಾ?”

ಆ ಪ್ರಶ್ನೆಗೆ ನಾನು ಅಲ್ಲೇ ನಗಬೇಕಿತ್ತು. ನಗಲಿಲ್ಲ. ನಂಬಿದೆ. ನಂಬದೆ ಬೇರೆ ದಾರಿ ಇರಲಿಲ್ಲ.

ಮರುದಿನ ಮಧ್ಯಾಹ್ನ ಬ್ಯಾಟರಿ ರೇಡಿಯೋ ಮೇಜಿನ ಮೇಲಿಟ್ಟೆ. ಅಪ್ಪನಿಗೆ ಬೇಡವಾಗಿತ್ತು, ನಾನೇ ಕೈ ಹಿಡಿದು ಕೂರಿಸಿದೆ. “ಕೇಳು ಅಪ್ಪ, ಅವನೇ ಹೇಳ್ತಾನೆ,” ಎಂದೆ. ಕಂದು ಚೀಸು ಹಚ್ಚಿದ ಬ್ರೆಡ್ಡು ಮುಂದಿಟ್ಟಿದ್ದೆ, ಅವನು ಮುಟ್ಟಲಿಲ್ಲ.

ಸಂದರ್ಶಕಿ ಮೊದಲು ಅದೂ ಇದೂ ಕೇಳಿದಳು. ಹಿಮ, ಒಂಟಿತನ, ಸಮಾಜದ ಕತ್ತಲು, ಅವರು ಯಾವಾಗಲೂ ಕೇಳುವುದೇ. ಅಸ್ಲಾಕ್ ಯಾವಾಗಲೂ ಹೇಳುವುದನ್ನೇ ಹೇಳಿದ. ಆಮೇಲೆ ಅವಳು ದನಿ ತಗ್ಗಿಸಿ, “ಓಲುಫ್ ಅಂದ್ರೆ ವಿಗ್ದಿಸ್ ಹಾಮ್ರೆ ಅವರ ತಂದೇನೇ ಅಂತ ಎಲ್ರಿಗೂ ಗೊತ್ತು. ಅಂಥವನನ್ನ ಕೊಲೆಗಾರ ಮಾಡೋದು... ಈ ಯೋಚನೆ ಯಾರ್ದು?” ಎಂದಳು.

ನಾನು ಅಪ್ಪನ ಮೊಣಕೈ ಹಿಡಿದುಕೊಂಡೆ.

“ನಾವು ಎಲ್ಲಾನೂ ಕಾಫಿ ಕುಡೀತಾ ಒಟ್ಟಿಗೇ ತೀರ್ಮಾನ ಮಾಡೋದು,” ಎಂದ ಅಸ್ಲಾಕ್. ಮೆಲ್ಲಗೆ ನಕ್ಕ. “ಆದ್ರೆ ನಿಜ ಹೇಳ್ಬೇಕು ಅಂದ್ರೆ, ಈ ಧೈರ್ಯ ವಿಗ್ದಿಸ್‌ದೇ. ನಾನಾಗಿದ್ರೆ ಪಾಪ ಮುದುಕನ್ನ ಬಿಟ್ಬಿಡ್ತಿದ್ದೆ.”

ಸ್ವಂತ ತಂದೆಯನ್ನೇ ಬಲಿ ಕೊಡುವ ಕಲಾವಿದೆ ಎಂದೇನೋ ಸಂದರ್ಶಕಿ ಹೊಗಳತೊಡಗಿದಳು. ಅಪ್ಪ ಕೈ ಚಾಚಿ ರೇಡಿಯೋ ಆರಿಸಿದ. ನನ್ನ ಬೆರಳುಗಳನ್ನು ತನ್ನ ಮೊಣಕೈಯಿಂದ ಒಂದೊಂದಾಗಿ ಬಿಡಿಸಿದ. ಸಿಟ್ಟಿನಿಂದಲ್ಲ, ಬಟ್ಟೆಗೆ ಸಿಕ್ಕಿಕೊಂಡ ಮೀನಿನ ಗಾಳ ಬಿಡಿಸುವಷ್ಟು ಎಚ್ಚರಿಕೆಯಿಂದ.

“ಅಪ್ಪ, ಸುಳ್ಳು ಹೇಳ್ತಿದ್ದಾನೆ ಅವನು. ನಿನ್ನೆ ನನಗೆ ಮಾತು ಕೊಟ್ಟಿದ್ದ.”

“ಹೂಂ,” ಎಂದ. ಚೀಲ ತೆಗೆದು ತನ್ನ ಬಟ್ಟೆ ಮಡಚಿ ತುಂಬತೊಡಗಿದ.

ಊರಿಗೆ ಹೋದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಅಸ್ಲಾಕ್‌ನ ಮನೆ ಬಾಗಿಲಿಗೆ ಹೋಗಿ ಅಕ್ಕಪಕ್ಕದವರೆಲ್ಲ ಕಿಟಕಿಗೆ ಬರುವ ಹಾಗೆ ಬೈದೆ. ಈಗಲೂ ಅದಕ್ಕೆ ಪಶ್ಚಾತ್ತಾಪವಿಲ್ಲ. ಅವನು, ನೇರವಾಗಿ ಪ್ರಸಾರ ಆಗುತ್ತಿತ್ತು, ಇಡೀ ದೇಶ ಕೇಳುತ್ತಿತ್ತು, ನಿಜ ಹೇಳಲು ಧೈರ್ಯ ಬರಲಿಲ್ಲ ಎಂದ. ಪತ್ರಿಕೆಗೆ ಹೋಗಿ ನಿಯಮದ ಕತೆಯನ್ನೆಲ್ಲ ಬಿಚ್ಚಿ ಹೇಳಿದೆ. ಅವರು ನನ್ನ ಫೋಟೋ ದೊಡ್ಡದಾಗಿ ಹಾಕಿ, ಹಾಮ್ರೆ ಮತ್ತು ವಿಕ್ ಜೋಡಿ ಪುಸ್ತಕ ಮಾರಲು ಹೂಡಿದ ಹೊಸ ಚಮತ್ಕಾರ ಎಂದು ಬರೆದರು. ಪುಸ್ತಕ ಮತ್ತೆ ಅಚ್ಚಾಯಿತು. ಆ ಪತ್ರಿಕೆಯನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, “ಫೋಟೋ ಚೆನ್ನಾಗಿ ಬಂದಿದೆ,” ಎಂದು ವಾಪಸು ಕೊಟ್ಟ.

ಅಪ್ಪ ನನ್ನ ಜೊತೆ ಮಾತು ಬಿಟ್ಟಿಲ್ಲ, ಅದನ್ನೂ ಹೇಳಬೇಕು. ಹೋದರೆ ಕಾಫಿ ಕೊಡುತ್ತಾನೆ, ವಾಫಲ್ ಮಾಡಿಕೊಡುತ್ತಾನೆ, ಹೊರಡುವಾಗ ಮಫ್ಲರು ಸುತ್ತಿಕೊ ಎನ್ನುತ್ತಾನೆ. ಕುಚೋದ್ಯ ಮಾತ್ರ ಇಲ್ಲ. ಏನಾದರೂ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಮುಚ್ಚಿಬಿಡುತ್ತಾನೆ.

ಹೋದ ಭಾನುವಾರ ಬಂದರಿನ ಹತ್ತಿರದ ಅವನ ಮನೆಗೆ ಹೋದೆ. ಹೊರಗಿನ ಬಾಗಿಲು ತೆರೆದೇ ಇತ್ತು. ಬೂಟು ಬಿಚ್ಚಲು ಬಗ್ಗಿದಾಗ ಒಳಗಿನಿಂದ ಅಪ್ಪನ ದನಿ ಕೇಳಿಸಿತು. ಜೊತೆಗಿದ್ದವನು ಎದುರು ಮನೆಯ ಪೇಡರ್, ಅವನೂ ಹಳೆಯ ಮೀನುಗಾರ. “...ಕೊನ್ರಾದ್‌ನ ಕೈ ನನ್ನ ಕೈಯಲ್ಲೇ ಇತ್ತು ಪೇಡರ್,” ಎನ್ನುತ್ತಿದ್ದ ಅಪ್ಪ. “ಹಿಡ್ಕೊಂಡೇ ಇದ್ದೆ. ಅವನೇ ನನ್ನ ನೋಡಿ ಏನಂದ ಗೊತ್ತಾ...”

ಹುಟ್ಟಿದಾಗಿನಿಂದ ಆ ದಿನದ ಒಂದು ಅಕ್ಷರವನ್ನೂ ಅಪ್ಪನ ಬಾಯಿಂದ ನಾನು ಕೇಳಿರಲಿಲ್ಲ. ಬೂಟಿನ ದಾರ ಹಿಡಿದುಕೊಂಡು ಹಾಗೇ ನಿಂತೆ. ಕಾಲ ಕೆಳಗಿನ ಹಲಗೆ ಕಿರುಗುಟ್ಟಿತು.

“ಯಾರು?” ಎಂದ ಅಪ್ಪ.

“ನಾನಪ್ಪ.”

ಒಳಗೆ ಹೋದೆ. ಪೇಡರ್ ತನ್ನ ಲೋಟದೊಳಗೆ ನೋಡುತ್ತಿದ್ದ. ಅಪ್ಪ ಎದ್ದು ನನಗೊಂದು ಕುರ್ಚಿ ಎಳೆದು ಕೊಟ್ಟು, ಕಿಟಕಿಯ ಕಡೆ ತಿರುಗಿದ.

“ಇವತ್ತು ಗಾಳಿ ವಾಯವ್ಯದಿಂದ,” ಎಂದ.